ಕಾಲುವೆ ಸುದ್ದಿ ಬರೆದಿದ್ದಕ್ಕೆ ಕೇಸು. ಪತ್ರಕರ್ತರ ಸಂಘ ಏನು ಮಾಡಬಹುದು?

ಕೆಳಭಾಗದ ವರದಿಗಾರ, ರಾಯಚೂರು ಜಿಲ್ಲೆ

11 ವರ್ಷದಿಂದ ಒಂದು ದಿನಪತ್ರಿಕೆಗೆ ನಮ್ಮ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ ನಮ್ಮದು. ಈ ಸಲ ನೀರು ಬಿಟ್ಟು 20 ದಿನವಾದರೂ ನಮ್ಮ ತೂಬು ಒಣಗಿಯೇ ಇತ್ತು. ಮೇಲೆ ಏನಾಗಿದೆ ನೋಡೋಣ ಅಂತ ಬೈಕ್ ನಿಲ್ಲಿಸಿ ಕಾಲುವೆ ಏರಿ ಹಿಡಿದು ನಡೆದೆ. 2 ಕಿಲೋಮೀಟರ್‌ನಲ್ಲಿ ಕಾಲುವೆಯಿಂದ ಕದ್ದು ನೀರು ಎಳೆಯುವ 14 ಪೈಪು. ಒಂದರ ಮೇಲೆ ಭತ್ತದ ಹುಲ್ಲು ಹರವಿದ್ದರು. ಹುಲ್ಲು ಸರಿಸಿ ಕೈಯಿಟ್ಟೆ, ಪೈಪು ಗಡಗಡ ನಡುಗುತ್ತಿತ್ತು. ಫೋಟೊ ತೆಗೆದೆ, ಬರೆದೆ.

ಸುದ್ದಿ ಬಂದ ಮೂರನೇ ದಿನ ನನ್ನ ಮೇಲೆ ಎಫ್‌ಐಆರ್. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ ಮಾಡಿ ಕೈ ಎತ್ತಿದೆ ಅಂತೆ. ಅವತ್ತು ಆ ಏರಿ ಮೇಲೆ ನಾನು ಮತ್ತು ಒಬ್ಬ ಕುರಿಗಾಹಿ ಬಿಟ್ಟರೆ ಯಾರೂ ಇರಲಿಲ್ಲ. ಪತ್ರಿಕೆಗೆ ಫೋನ್ ಮಾಡಿದರೆ ‘ನೀವು ನಮ್ಮ ಸಿಬ್ಬಂದಿ ಅಲ್ಲವಲ್ಲ’ ಅಂದರು. ನಿಜ, ನೇಮಕಾತಿ ಪತ್ರ ನನ್ನ ಹತ್ತಿರ ಇಲ್ಲ. ತಾಲ್ಲೂಕು ಸಂಘದ ಗೆಳೆಯರು ಮನೆಗೆ ಬಂದರು. ದೊಡ್ಡದು ಮಾಡೋದು ಬೇಡ, ಮಾತಾಡಿ ಮುಗಿಸೋಣ ಅಂದರು. ಮುಗಿಸೋದು ಅಂದರೆ ನಾನು ತಪ್ಪಾಯ್ತು ಅನ್ನಬೇಕು, ಅಲ್ವಾ? ರಾತ್ರಿ ಗೇಟು ಸದ್ದಾದರೆ ಹೆಂಡತಿ ಎದ್ದು ಕೂರುತ್ತಾಳೆ. ಮನವಿ ಪತ್ರ ಕೊಡುವುದು ಬಿಟ್ಟು ಸಂಘ ಇನ್ನೇನು ಮಾಡಬಹುದು? ಅನುಭವ ಇದ್ದವರು ಹೇಳಿ.

ವಕೀಲ, ಕೊಪ್ಪಳ

ಮೊದಲು ಕೇಸಿನ ಮಾತು. ಇದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 132ನೇ ಕಲಂ ಇರಬೇಕು, ಹಳೇ ಐಪಿಸಿ 353. ಶಿಕ್ಷೆ 2 ವರ್ಷದವರೆಗೆ. ಇಂಥ ಕೇಸಿನಲ್ಲಿ ಸುಮ್ನೆ ಬಂದು ಹಿಡಿದುಕೊಂಡು ಹೋಗುವಂತಿಲ್ಲ, ಸಾಮಾನ್ಯವಾಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 35(3)ರ ಪ್ರಕಾರ ಹಾಜರಾಗಲು ನೋಟಿಸ್ ಕೊಡಬೇಕು. ಆದರೂ ಜಾಮೀನುರಹಿತ ಕಲಂ, ನಿರೀಕ್ಷಣಾ ಜಾಮೀನಿಗೆ ಇವತ್ತೇ ಅರ್ಜಿ ಹಾಕಿ. ಫೋಟೊಗಳ ಮೂಲ ಫೈಲ್ ಫೋನಿನಲ್ಲೇ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಪ್ರತಿಯಲ್ಲಿ ಜಾಗ, ಸಮಯದ ವಿವರ ಉಳಿಯುವುದಿಲ್ಲ. ಫೋನ್ ಜಪ್ತಿ ಮಾಡಿದರೆ ಪಂಚನಾಮೆ ಕೇಳಿ. ಜಪ್ತಿಯ ವಿಡಿಯೊ ಆಗಬೇಕು ಅಂತ ಅದೇ ಬಿಎನ್‌ಎಸ್‌ಎಸ್‌ನ ಸೆಕ್ಷನ್ 105 ಹೇಳುತ್ತದೆ. ಆ ಕುರಿಗಾಹಿಯನ್ನು ಹುಡುಕಿ, ಅವರು ಬೇರೆ ಕಡೆ ಹೋಗುವ ಮುಂಚೆ.

ಎಫ್‌ಐಆರ್ ರದ್ದತಿಗೆ ರಾಯಚೂರಿನವರು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬೇಕು. ಫೀಸು, ಓಡಾಟ, ಹಾಳಾಗುವ ದಿನಗಳು, ಇದರ ಭಾರಕ್ಕೇ ಮನುಷ್ಯ ಕುಸಿಯುತ್ತಾನೆ. ಸಂಘ ಹೆಗಲು ಕೊಡಬೇಕಾದದ್ದು ಇಲ್ಲಿ.

ಮೊಳೆ ಜೋಡಿಸಿದವನು, ಬಳ್ಳಾರಿ

ತಮ್ಮಾ, ನಾನು ಬಳ್ಳಾರಿಯ ಒಂದು ಪ್ರೆಸ್‌ನಲ್ಲಿ ಅಚ್ಚಿನ ಮೊಳೆ ಜೋಡಿಸಲು ಸೇರಿ, ಉಪಸಂಪಾದಕನಾಗಿ ನಿವೃತ್ತನಾದವನು. ನಿಮ್ಮ ತಾಲ್ಲೂಕಿನ ಗೆಳೆಯರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರಿಗೆ ದೀಪಾವಳಿ ಜಾಹೀರಾತು ಕೊಡುವವರು ಯಾರು? ಪತ್ರಿಕಾ ಭವನದ ನಿವೇಶನಕ್ಕೆ ಯಾರ ಸಹಿ ಬೇಕು? ಪೈಪು ಹಾಕಿದವರ ಮನೆ ಮದುವೆಯಲ್ಲಿ ಅವರೆಲ್ಲ ಉಂಡು ಬಂದಿರುತ್ತಾರೆ. ನಾಳೆ ಬೆಳಗ್ಗೆ ಚಹಾದಂಗಡಿಯಲ್ಲಿ ಮತ್ತೆ ಮುಖ ನೋಡಬೇಕು. ಆ ಊರಿನಲ್ಲಿ ಇದ್ದುಕೊಂಡು ಅವರು ಹೇಳಲಾಗದ ಮಾತನ್ನು ಪಕ್ಕದ ಊರಿನವರು ಹೇಳಬಲ್ಲರು. ಸಂಘ ಊರಿಗೆ ಮಾತ್ರ ಸೀಮಿತವಾಗದೆ ಜಿಲ್ಲೆಗೆ, ಸೀಮೆಗೆ ಅಂತ ಇರಬೇಕಾದದ್ದು ಇದಕ್ಕೇ.

1982ರಲ್ಲಿ ಬಿಹಾರ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವ ಮಸೂದೆ ಪಾಸು ಮಾಡಿತು. ಪಟ್ನಾ ಎಲ್ಲಿ, ಬಳ್ಳಾರಿ ಎಲ್ಲಿ! ಆದರೂ ದೇಶದ ಉದ್ದಗಲಕ್ಕೂ ಪತ್ರಕರ್ತರು ಬೀದಿಗಿಳಿದರು. ನಾವು ಏಳೆಂಟು ಮಂದಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ರಾಯಲ್ ಸರ್ಕಲ್‌ನಲ್ಲಿ ನಿಂತೆವು. ಕೆಲಸದಿಂದ ನೇರ ಬಂದಿದ್ದೆ, ಉಗುರಿನ ಸಂದಿಯಲ್ಲಿ ಮಸಿ ಹಾಗೇ ಇತ್ತು. ಮರುವರ್ಷ ಮಸೂದೆ ವಾಪಸಾಯಿತು. 1988ರಲ್ಲಿ ಕೇಂದ್ರ ಸರ್ಕಾರ ತಂದ ಮಾನನಷ್ಟ ಮಸೂದೆಯನ್ನೂ ಹೀಗೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಇನ್ನೊಂದು ಮಾತು. ಜುಲೈ 1ಕ್ಕೆ ನಾವು ಪತ್ರಿಕಾ ದಿನ ಮಾಡುತ್ತೇವೆ, 1843ರಲ್ಲಿ ‘ಮಂಗಳೂರು ಸಮಾಚಾರ’ ಶುರುವಾದ ದಿನ ಅಂತ. ಮರುವರ್ಷ ಅದೇ ಪತ್ರಿಕೆ ನಮ್ಮ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಆಯಿತು. ನೆನೆಸಿಕೊಂಡರೆ ಈಗಲೂ ಎದೆ ತುಂಬುತ್ತದೆ. ಆ ದಿನ ಹಾರ, ಶಾಲು, ಶಾಮಿಯಾನಕ್ಕೆ ಕೂಡಿಸುವ ದುಡ್ಡಿನಲ್ಲಿ ಅರ್ಧವನ್ನು ವಕೀಲರ ಫೀಸಿಗೆ ಅಂತ ಬೇರೆ ಇಡಲಿ. ಸದಸ್ಯನೋ ಅಲ್ಲವೋ ಅಂತ ಕೇಳದೆ ಅದರಿಂದ ಕೊಡಲಿ.

ಓದುಗ, ಸಿಂಧನೂರು

ಹಿರಿಯರ ಮಾತು ಒಪ್ಪುತ್ತೇನೆ, ಕೊನೇ ಸಾಲು ಒಪ್ಪುವುದಿಲ್ಲ. ಕೊರಳಿಗೆ ಕಾರ್ಡು ಹಾಕಿಕೊಂಡು ರೈಸ್ ಮಿಲ್ಲಿಗೆ ಬಂದು ದುಡ್ಡು ಕೇಳುವವರನ್ನು ನಾನೇ ನೋಡಿದ್ದೇನೆ. ಅವರ ಮೇಲೆ ಕೇಸಾದಾಗಲೂ ಸಂಘ ‘ಪತ್ರಿಕಾ ಸ್ವಾತಂತ್ರ್ಯ’ ಅಂತ ಕೂಗಿದರೆ, ನಿಜವಾದ ವರದಿಗಾರನಿಗೆ ಕಷ್ಟ ಬಂದಾಗ ಜನ ನಂಬುವುದಿಲ್ಲ. ಮೊದಲು ಸುದ್ದಿ ಸರಿಯಿದೆಯಾ ನೋಡಲಿ, ಆಮೇಲೆ ನಿಲ್ಲಲಿ.

ಪತ್ರಿಕೋದ್ಯಮ ಪಾಠ ಮಾಡುವವಳು, ಕೊಪ್ಪಳ

ಪಕ್ಕದವರ ವಿಷಯಕ್ಕೆ ಒಂದು ಉದಾಹರಣೆ ಸೇರಿಸುತ್ತೇನೆ. 1994ರ ಜೂನ್‌ನಲ್ಲಿ ಇಂಡೋನೇಷ್ಯಾದಲ್ಲಿ ಸುಹಾರ್ತೊ ಸರ್ಕಾರ ‘ಟೆಂಪೊ’ ಸೇರಿ ಮೂರು ವಾರಪತ್ರಿಕೆಗಳನ್ನು ಮುಚ್ಚಿಸಿತು. ಅಲ್ಲಿ ಸರ್ಕಾರ ಒಪ್ಪಿದ ಪತ್ರಕರ್ತರ ಸಂಘ ಒಂದೇ ಇತ್ತು. ಅದು ಮುಚ್ಚಿಸಿದ್ದನ್ನು ವಿರೋಧಿಸಲಿಲ್ಲ. ಆಗಸ್ಟ್‌ನಲ್ಲಿ ಕಿರಿಯ ಪತ್ರಕರ್ತರು ಎಜೆಐ (ಸ್ವತಂತ್ರ ಪತ್ರಕರ್ತರ ಒಕ್ಕೂಟ) ಅಂತ ಬೇರೆ ಸಂಘ ಕಟ್ಟಿದರು. ಅವರಲ್ಲಿ ಕೆಲವರು ಜೈಲಿಗೂ ಹೋದರು. 1998ರಲ್ಲಿ ಅವರು ಫಿಲಿಪ್ಪೀನ್ಸ್, ಥಾಯ್ಲೆಂಡ್ ಪತ್ರಕರ್ತರ ಜೊತೆ ಸೇರಿ ಬ್ಯಾಂಕಾಕ್‌ನಲ್ಲಿ ಆಗ್ನೇಯ ಏಷ್ಯಾದ ಒಕ್ಕೂಟ ಮಾಡಿದರು. ಒಂದು ದೇಶದಲ್ಲಿ ಬಾಯಿ ಬಿಡಲು ಆಗದಿದ್ದಾಗ ಪಕ್ಕದ ದೇಶದಿಂದ ಹೇಳುವುದಕ್ಕೆ ಅಂತಲೇ.

ನಿಮ್ಮ ಕಾಲುವೆ ಮುನಿರಾಬಾದ್‌ನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಬರುತ್ತದೆ. ಅಷ್ಟೂ ಕಡೆ ವರದಿಗಾರರು ಇದ್ದಾರೆ. ಅವರೂ ಒಮ್ಮೆ ಏರಿ ಮೇಲೆ ನಡೆಯಲಿ. ಸಿಂಧನೂರಿನವರು ಕೇಳಿದ ಪರೀಕ್ಷೆಯೂ ಆಗುತ್ತದೆ, ನೀವು ಒಬ್ಬರೇ ಅಲ್ಲ ಅಂತಲೂ ಗೊತ್ತಾಗುತ್ತದೆ.

ಕೆಳಭಾಗದ ವರದಿಗಾರ, ರಾಯಚೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಜಾಮೀನು ಸಿಕ್ಕಿತು. ಕುರಿಗಾಹಿ ಸಿಕ್ಕಿದ್ದಾರೆ, ಬಂದು ಹೇಳುತ್ತೇನೆ ಅಂದಿದ್ದಾರೆ. ಫೀಸಿಗೆ ನಿಧಿ ಗಿಧಿ ಇನ್ನೂ ಏನೂ ಇಲ್ಲ, ಸಾಲ ಮಾಡಿದ್ದೇನೆ.

ಆದರೆ ಭಾನುವಾರ ಕಾರಟಗಿಯಿಂದ ಇಬ್ಬರು, ಸಿಂಧನೂರಿನಿಂದ ಒಬ್ಬರು ಬಂದರು. ಮೂವರೂ ಬೇರೆ ಬೇರೆ ಪತ್ರಿಕೆಯವರು, ಒಬ್ಬರ ಪರಿಚಯ ಮಾತ್ರ ಇತ್ತು. ಅದೇ 2 ಕಿಲೋಮೀಟರ್ ನಡೆದೆವು. ಈಗ 9 ಪೈಪು ಇವೆ, ಉಳಿದ ಕಡೆ ಏರಿಯಲ್ಲಿ ಹೊಸ ಮಣ್ಣು ಒದ್ದೆ ಇತ್ತು. ಮೂವರೂ ಅವರವರ ಫೋನಿನಲ್ಲಿ ಫೋಟೊ ತೆಗೆದುಕೊಂಡರು. ಬುಧವಾರ ಮೂರೂ ಪತ್ರಿಕೆಯಲ್ಲಿ ಬಂತು. ಅವತ್ತು ಸಂಜೆ ನಮ್ಮ ತಾಲ್ಲೂಕು ಸಂಘದ ಅಧ್ಯಕ್ಷರು ಫೋನ್ ಮಾಡಿ, ಎಸ್‌ಪಿ ಕಚೇರಿಗೆ ಯಾವಾಗ ಹೋಗೋಣ ಅಂತ ಕೇಳಿದರು. ಸೋಮವಾರ ಅಂದಿದ್ದೇನೆ.