ಅಮ್ಮನ ತೋಳಿನ ಶುಗರ್ ಸೆನ್ಸರ್: ಊಟದ ನಂತರದ ಗ್ರಾಫ್ ಎಲ್ಲಿ ಹೋಯ್ತು?

ರಾತ್ರಿಪಾಳಿ:
ಅಮ್ಮನಿಗೆ 67 ವರ್ಷ. ಇನ್ಸುಲಿನ್ ತಗೊಳ್ತಾರೆ. ಹೋದ ವಾರ ಎಡ ತೋಳಿಗೆ ಸೆನ್ಸರ್ ಅಂಟಿಸಿದೆವು. ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಬಿಳಿ ಬಿಲ್ಲೆ, ಫೋನ್ ಹತ್ತಿರ ಹಿಡಿದರೆ ಎನ್‌ಎಫ್‌ಸಿಯಲ್ಲಿ (ತೀರಾ ಹತ್ತಿರದಿಂದ ಮಾತ್ರ ಕೆಲಸ ಮಾಡೋ ವೈರ್‌ಲೆಸ್) ಓದುತ್ತೆ. ಅಮ್ಮನ ಫೋನಿನಲ್ಲಿ ಎನ್‌ಎಫ್‌ಸಿ ಇಲ್ಲ, ಹಾಗಾಗಿ ನನ್ನದೇ ಗತಿ. ರಾತ್ರಿ 8:30ಕ್ಕೆ ಓದಿಸಿ ಕೆಲಸಕ್ಕೆ ಹೋಗ್ತೀನಿ, ಬೆಳಗ್ಗೆ 7:30ಕ್ಕೆ ಬಂದು ಮತ್ತೆ ಓದಿಸ್ತೀನಿ. ನಡುವೆ 11:30ರವರೆಗೆ ಗ್ರಾಫೇ ಇಲ್ಲ! ಡಾಕ್ಟರ್ ಕೇಳಿದ್ದು ಅದನ್ನೇ. ಅಮ್ಮ ‘ಒಂದೇ ಹೋಳಿಗೆ ತಿಂದೆ’ ಅಂತಾರೆ, ನಂಬೋದು ಹೇಗೆ? ಇನ್ನೊಂದು, 3 ಗಂಟೆ ಹೊತ್ತಿಗೆ 60ರ ಹತ್ತಿರ ಇಳಿದಿದೆ. ಬೆವರು, ನಡುಕ ಏನೂ ಇರಲಿಲ್ಲವಂತೆ.

ಸುಮ್ನೆ_ಓದುಗ:
ಫೋನಿನ ಕವರ್ ತೆಗೆದು ನೋಡಿ. ನನ್ನದರಲ್ಲಿ ಮ್ಯಾಗ್ನೆಟ್ ಉಂಗುರ ಇತ್ತು, ಓದ್ತಾನೇ ಇರಲಿಲ್ಲ.

ಹಳೇ_ಟೆಕ್ನಿಷಿಯನ್:
ಇದು ಕವರ್ ತೊಂದರೆ ಅಲ್ಲ. ಅಳೆಯೋದು ಸೆನ್ಸರಿನ ಸ್ವಂತ ಬ್ಯಾಟರಿಯಲ್ಲಿ, ಫೋನ್ ಇರಲಿ ಬಿಡಲಿ. 15 ನಿಮಿಷಕ್ಕೊಂದು ಅಂಕಿ ಇಟ್ಟುಕೊಳ್ಳುತ್ತೆ, ಆದರೆ 8 ಗಂಟೆಯದು ಮಾತ್ರ. ಅಂದರೆ 32 ಅಂಕಿ. ಹೊಸದು ಬಂದರೆ ಹಳೆಯದು ಹೋಯ್ತು. 7:30ರಿಂದ 8 ಗಂಟೆ ಹಿಂದಕ್ಕೆ ಎಣಿಸಿ, ಸರಿಯಾಗಿ 11:30. ಎನ್‌ಎಫ್‌ಸಿ ಹಿಡಿದಾಗ ಮಾತ್ರ ಮಾತಾಡುತ್ತೆ, ತಾನಾಗಿ ಕೂಗಲ್ಲ. ಇನ್ಸುಲಿನ್ ತಗೊಂಡು ಒಬ್ಬರೇ ಮಲಗೋರಿಗೆ ಬ್ಲೂಟೂತ್ ಇರೋ, ಅಲಾರಂ ಹೊಡೆಯೋ ಸೆನ್ಸರ್ ಒಳ್ಳೇದು. ಅಲ್ಲಿತನಕ ಎನ್‌ಎಫ್‌ಸಿ ಇರೋ ಹಳೇ ಫೋನ್ ಮನೇಲಿಡಿ. ನಮ್ಮದು ಶುರು ಮಾಡಿದ ಫೋನಿನಲ್ಲೇ ಓದುತ್ತೆ, ಮುಂದಿನ ಸೆನ್ಸರನ್ನು ಅದರಲ್ಲೇ ಶುರು ಮಾಡಿ.

ಅಜ್ಜನ_ಮೊಮ್ಮಗ:
ಆ ತೋಳಿನ ಮೇಲೆ ಮಲಗಿದ್ರಾ? ಸೆನ್ಸರ್ ನೋಡೋದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಒತ್ತಿದರೆ ಸುಳ್ಳೇ ಕಡಿಮೆ ತೋರಿಸಬಹುದು. ಹಾಗಂತ ಸುಳ್ಳೇ ಅಂದುಕೊಳ್ಳಬೇಡಿ, ಒಮ್ಮೆ ಬೆರಳು ಚುಚ್ಚಿ ನೋಡಿ. ಡಾಕ್ಟರಿಗೂ ಹೇಳಿ.

ರಾತ್ರಿಪಾಳಿ:
ರಜೆ ದಿನ 3 ಗಂಟೆಗೆ ಎದ್ದು ನೋಡಿದೆ. ಅಮ್ಮ ಎಡ ಮಗ್ಗುಲಿಗೆ ಮಲಗಿದ್ದರು. ಸೆನ್ಸರ್ 64, ಬೆರಳು ಚುಚ್ಚಿದರೆ 112. ‘ನಿದ್ದೆ ಕೆಡಿಸಿದೆ’ ಅಂತ ಬೈಸಿಕೊಂಡೆ. ಎರಡೂ ಅಂಕಿ ಡಾಕ್ಟರಿಗೆ ಕಳಿಸಿದ್ದೇನೆ. 14 ದಿನ ಮುಗಿದ ಮೇಲೆ ಹೊಸ ಸೆನ್ಸರನ್ನು ತಮ್ಮನ ಹಳೇ ಫೋನಿನಲ್ಲಿ ಶುರು ಮಾಡಿದೆವು. ಈಗ ಅಮ್ಮನೇ ರವಿಕೆ ತೋಳಿನ ಮೇಲಿಂದಲೇ ಹಿಡಿದು ಓದಿಸ್ತಾರೆ. ನಿನ್ನೆ ಮತ್ತೆ ಹೋಳಿಗೆ. 11 ಗಂಟೆಗೆ 243. ಕೇಳಿದ್ದಕ್ಕೆ, ‘ಎರಡನೇದು ಸಣ್ಣದಿತ್ತು’ ಅಂದರು.