600ಎ ಫ್ರಿಜ್: ಬ್ಯಾಕ್ ಪ್ರೆಶರ್ ಸೊನ್ನೆಗಿಂತ ಕೆಳಗೆ, ಇದು ಸರಿನಾ?

ಪ್ರಶ್ನೆ – ಕಾಪರ್‌ಪೈಪ್
ಸಿಂಗಲ್ ಡೋರ್ ಡೈರೆಕ್ಟ್ ಕೂಲ್, ಗ್ಯಾಸ್ ಆರ್600ಎ, ಪ್ಲೇಟ್ ಮೇಲೆ 42 ಗ್ರಾಂ ಅಂತಿದೆ. ಕಂಪ್ರೆಸರ್, ಫಿಲ್ಟರ್ ಎರಡೂ ಹೊಸದು. ಕೆಲಸ ಬೆಂಗಳೂರಲ್ಲಿ. ವ್ಯಾಕ್ಯೂಮ್ ಎಳೆದಾಗ (ಪಂಪ್ ಹಾಕಿ ಒಳಗಿನ ಗಾಳಿ ತೆಗೆದಾಗ) ಗೇಜ್ 27 ಇಂಚಿಗೇ (ಪಾದರಸದ ಇಂಚು) ನಿಂತುಬಿಡ್ತು, 30 ಮುಟ್ಟಲೇ ಇಲ್ಲ. ತೂಕ ನೋಡಿ ಗ್ಯಾಸ್ ಬಿಟ್ಟೆ, ಓಡುವಾಗ ಬ್ಯಾಕ್ ಪ್ರೆಶರ್ (ಕಂಪ್ರೆಸರ್‌ಗೆ ಗ್ಯಾಸ್ ವಾಪಸ್ ಬರೋ ಕಡೆಯ ಒತ್ತಡ) 8 ಇಂಚು ವ್ಯಾಕ್ಯೂಮ್ ತೋರಿಸ್ತು. ಕಮ್ಮಿ ಆಯ್ತೇನೋ ಅಂತ 5 ಪಿಎಸ್‌ಐ ಬರೋವರೆಗೂ ಹಾಕಿದೆ. ಈಗ ರಿಟರ್ನ್ ಪೈಪ್ ಕಂಪ್ರೆಸರ್‌ವರೆಗೂ ಐಸ್ ಹಿಡೀತಿದೆ, ಫ್ರೀಜರ್ ಮೈನಸ್ 3ರಿಂದ ಕೆಳಗಿಳೀತಿಲ್ಲ. ಪಂಪ್ ವೀಕಾ, ಕಂಪ್ರೆಸರ್ ವೀಕಾ?

ಕ್ಯಾಪಿಲರಿ
ಎರಡೂ ಅಲ್ಲ ಗುರು, ಗ್ಯಾಸ್ ಜಾಸ್ತಿ ಆಗಿದೆ. 134ಎ (ಫ್ರಿಜ್‌ಗೆ ಹಾಕೋ ಇನ್ನೊಂದು ಗ್ಯಾಸ್) ಲೆಕ್ಕ ಇಲ್ಲಿ ನಡೆಯಲ್ಲ. ಹೊರಗಿನ ಗಾಳಿಯ ಒತ್ತಡದಲ್ಲಿ 134ಎ ಮೈನಸ್ 26ಕ್ಕೆ ಕುದಿಯುತ್ತೆ, 600ಎ ಮೈನಸ್ 12ಕ್ಕೇ. ಫ್ರೀಜರ್ ತಣ್ಣಗೆ ಮಾಡೋ ಕಾಯಿಲ್ ಮೈನಸ್ 23ಕ್ಕೆ ಇಳೀಬೇಕಂದ್ರೆ 600ಎ ವ್ಯಾಕ್ಯೂಮ್‌ನಲ್ಲೇ ಓಡಬೇಕು. ನಿಮ್ಮ 8 ಇಂಚು ಸರಿಯಾಗೇ ಇತ್ತು. 5 ಪಿಎಸ್‌ಐಗೆ ಕಾಯಿಲ್ ಮೈನಸ್ 6ರ ಆಸುಪಾಸಲ್ಲೇ ಇರುತ್ತೆ, ಫ್ರೀಜರ್ ಅದಕ್ಕಿಂತ ತಣ್ಣಗೆ ಆಗೋದಾದ್ರೂ ಹೇಗೆ? ಗ್ಯಾಸ್ ಪೂರ್ತಿ ತೆಗೆದು, ಮತ್ತೆ ವ್ಯಾಕ್ಯೂಮ್ ಮಾಡಿ, 42 ಗ್ರಾಂ ತೂಗಿ ಹಾಕಿ. ಸ್ವಲ್ಪ ಗ್ಯಾಸ್ ಹೊರಗೆ ಬಿಟ್ಟು ಗೇಜ್ ನೋಡ್ಕೊಂಡು ಸರಿ ಮಾಡ್ತೀನಿ ಅನ್ನೋದು ಬೇಡ.

ಮೈಕ್ರಾನ್500
27 ಇಂಚಿನ ವಿಷಯ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ. ಇಲ್ಲಿ ಗಾಳಿಯ ಒತ್ತಡವೇ 27 ಇಂಚಿನಷ್ಟು, ಗೇಜ್ ಅದಕ್ಕಿಂತ ಹೆಚ್ಚು ತೋರಿಸಲಾರದು. ಇದೇ ಫ್ರಿಜ್ ಮಂಗಳೂರಲ್ಲಿ ಓಡಿದ್ರೆ 8ರ ಬದಲು 11 ಇಂಚು ಕಾಣುತ್ತೆ. ಪಂಪ್ ಪರೀಕ್ಷೆಗೆ ಮೈಕ್ರಾನ್ ಗೇಜ್ (ತೀರಾ ಕಡಿಮೆ ಒತ್ತಡ ಅಳೆಯೋದು) ಹಾಕಿ: 500ಕ್ಕಿಂತ ಕೆಳಗಿಳಿಸಿ, ವಾಲ್ವ್ ಮುಚ್ಚಿ 10 ನಿಮಿಷ ಬಿಡಿ. ಸ್ವಲ್ಪ ಏರಿ ನಿಂತರೆ ಒಳಗೆ ತೇವ, ಏರ್ತಾನೇ ಹೋದ್ರೆ ಲೀಕ್. ಹಳೇ ಫ್ರಿಜ್ ಕಂಪ್ರೆಸರನ್ನೇ ಪಂಪ್ ಮಾಡ್ಕೊಂಡಿದ್ರೆ ಆ ಮಟ್ಟ ಮರೆತುಬಿಡಿ.

ಕಾಪರ್‌ಪೈಪ್
ಅರ್ಥ ಆಯ್ತು. ಹಾಗಾದ್ರೆ ಗ್ಯಾಸ್ ಕಮ್ಮಿ ಇದೆಯೋ ಚೋಕ್ ಆಗಿದೆಯೋ (ದಾರಿ ಕಟ್ಟಿದೆಯೋ) ಅಂತ ಹೇಗೆ ಹೇಳೋದು? ಎರಡರಲ್ಲೂ ವ್ಯಾಕ್ಯೂಮ್ ಜಾಸ್ತಿನೇ ತೋರಿಸುತ್ತಲ್ಲ.

ಕ್ಯಾಪಿಲರಿ
ಕಂಪ್ರೆಸರ್ ಆಫ್ ಮಾಡಿ ಗೇಜ್ ಮುಳ್ಳನ್ನೇ ನೋಡ್ತಿರಿ. ಗ್ಯಾಸ್ ಕಮ್ಮಿ ಇದ್ರೆ ಕೆಲವೇ ನಿಮಿಷದಲ್ಲಿ ಪ್ಲಸ್ ಕಡೆ ಏರಿ ನಿಲ್ಲುತ್ತೆ. ಚೋಕ್ ಆಗಿದ್ರೆ ಅಲ್ಲೇ ಅಂಟಿಕೊಂಡಿರುತ್ತೆ, ಇಲ್ಲಾಂದ್ರೆ ಇಂಚಿಂಚೇ ತೆವಳುತ್ತೆ. ಕ್ಯಾಪಿಲರಿ ಕಾಯಿಲ್‌ಗೆ ಸೇರೋ ಕಡೆ (ಕ್ಯಾಪಿಲರಿ ಅಂದ್ರೆ ಕಾಯಿಲ್‌ಗೆ ಗ್ಯಾಸ್ ಬಿಡೋ ಸಣ್ಣ ಕೊಳವೆ) ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಡಿ. ಸುಯ್ ಅಂತ ಸದ್ದು ಬಂದು ಮುಳ್ಳು ಎದ್ರೆ ಐಸ್ ಚೋಕ್, ಅಂದ್ರೆ ತೇವ. ಫಿಲ್ಟರ್ ಮತ್ತೆ ಬದಲಿಸಬೇಕು. ಬಿಸಿಗೂ ಅಲ್ಲಾಡದಿದ್ರೆ ಕಸ.

ಮೈಕ್ರಾನ್500
ಇನ್ನೊಂದು. ಓಡುವಾಗ ಲೋ ಸೈಡ್ (ಬ್ಯಾಕ್ ಪ್ರೆಶರ್ ಕಡೆ) ವ್ಯಾಕ್ಯೂಮ್‌ನಲ್ಲಿರುತ್ತೆ, ಆಗ ಸೋಪು ನೀರು ಹಚ್ಚಿದ್ರೆ ಗುಳ್ಳೆ ಬರಲ್ಲ, ತೂತಿದ್ರೆ ಗಾಳಿ ಒಳಗೆ ಹೋಗುತ್ತೆ. ಆ ಗಾಳಿ ಕಂಡೆನ್ಸರ್‌ನಲ್ಲಿ (ಶಾಖ ಹೊರಬಿಡೋ ಕಾಯಿಲ್) ಕೂತು ಹೆಡ್ ಪ್ರೆಶರ್ (ಕಂಪ್ರೆಸರ್ ಗ್ಯಾಸ್ ತಳ್ಳೋ ಕಡೆಯ ಒತ್ತಡ) ಏರಿಸುತ್ತೆ. ಆಫ್ ಮಾಡಿ ಮುಳ್ಳು ಪ್ಲಸ್‌ಗೆ ಬಂದ್ಮೇಲೆ ಸೋಪು ಹಚ್ಚಿ. ಗೇಜ್‌ಗೆ ಅಂತ ಪೈಪಿಗೆ ತೂತು ಹೊಡೆದು ಹಾಕಿದ ಪಿಯರ್ಸಿಂಗ್ ವಾಲ್ವ್ ಹಾಗೇ ಬಿಟ್ಟು ಬರಬೇಡಿ, ಮುಂದಿನ ಲೀಕ್ ಅದರಲ್ಲೇ. ಹೋಸ್ ಗಿಡ್ಡ ಇರಲಿ, ಉದ್ದದ ಹೋಸ್‌ನಲ್ಲಿ ಉಳಿಯೋ ಕೆಲವು ಗ್ರಾಂ ಕೂಡ 42ರ ಲೆಕ್ಕ ಕೆಡಿಸುತ್ತೆ. ತಕ್ಕಡಿ 1 ಗ್ರಾಂ ತೋರಿಸುವಂಥದ್ದೇ ಬೇಕು.

ಗ್ಯಾಸ್ ತೆಗೆಯುವಾಗ ಹೋಸ್ ಬಯಲಿಗೆ ಹಾಕಿ. ಗಾಳಿಯಲ್ಲಿ ಶೇ. 2ರಷ್ಟು ಬೆರೆತರೂ ಹೊತ್ತಿಕೊಳ್ಳುತ್ತೆ. ಪೈಪನ್ನು ಕಟರ್‌ನಲ್ಲೇ ಕತ್ತರಿಸಿ, ನೈಟ್ರೋಜನ್ ಊದದೆ ಟಾರ್ಚ್ ಹತ್ತಿರ ತರಬೇಡಿ. ಚಾರ್ಜ್ ಆದ್ಮೇಲೆ ಪೈಪ್ ಪಿಂಚ್ ಮಾಡಿ (ಒತ್ತಿ ಮುಚ್ಚಿ), ಬೆಂಕಿ ಇಲ್ಲದೆ ಸೀಲ್ ಮಾಡೋ ಲಾಕ್‌ರಿಂಗ್ ಹಾಕಿ.