ಶಿರಸಿ ಕಡೆಯ ಹಳೆಯ ಕೊಟ್ಟಿಗೆಯನ್ನು ಹೋಮ್‌ಸ್ಟೇ ಆಗಿ ಮಾರ್ಪಡಿಸುವ ಬಗ್ಗೆ

ತೋಟಿಗ:
ಶಿರಸಿ ಸೀಮೆಯ ನಮ್ಮ ಅಡಿಕೆ ತೋಟದ ಮೇಲ್ಭಾಗದಲ್ಲಿ ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮಂಗಳೂರು ಹೆಂಚಿನ ಮಾಡು, ಹುಲ್ಲು ತುಂಬುವ ಅಟ್ಟ ಇರುವ ಅಜ್ಜನ ಕಾಲದ ದೊಡ್ಡ ಕೊಟ್ಟಿಗೆಯಿದೆ. ಈಗ ಉಳಿದಿರುವುದು ಎರಡೇ ಹಸುಗಳಾದ್ದರಿಂದ ಅದನ್ನು ಹೋಮ್‌ಸ್ಟೇ ಮಾಡುವ ಯೋಚನೆಯಿದೆ. ಹೆಂಚು ಇಳಿಸಿ ಸ್ಲ್ಯಾಬ್ ಹಾಕಿ, ಗೋಡೆಗೆ ಸಿಮೆಂಟ್ ಗಿಲಾವು ಮಾಡಿ, ಹಿಂದಿನ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟಿರುವ ಕಾಡಿನ) ಅಂಚನ್ನು ವಾಹನ ನಿಲ್ಲಿಸಲು ಸಮತಟ್ಟು ಮಾಡಿಸಿ ಎಂದು ಗುತ್ತಿಗೆದಾರರು ಹೇಳುತ್ತಾರೆ. ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಗಾರೆಕೆಲಸ:
ಸ್ಲ್ಯಾಬು, ಸಿಮೆಂಟ್ ಗಿಲಾವು ಎರಡರ ವಿಚಾರವನ್ನೂ ಕೈಬಿಡಿ. ಚಿರೆಕಲ್ಲು ಮಳೆಗಾಲದಲ್ಲಿ ಹೀರಿದ ನೀರನ್ನು ಮುಂದೆ ಹೊರಬಿಡಲೇಬೇಕು. ಸಿಮೆಂಟ್ ಗಿಲಾವು ಆ ದಾರಿಯನ್ನೇ ಮುಚ್ಚುವುದರಿಂದ ತೇವ ಒಳಗೆ ನಿಂತು, ಕಾಲಕ್ರಮೇಣ ಗಿಲಾವು ಹಕ್ಕಳೆ ಏಳುತ್ತದೆ. ಸುಣ್ಣದ ಗಾರೆ ಬಳಸಿ. ಮಾಡಿನಲ್ಲಿ ಹೆಂಚನ್ನು ಹೊರುವ ಮರದ ಪಕಾಸು, ರೀಪುಗಳ ಪೈಕಿ ಗೆದ್ದಲು ಹಿಡಿದವನ್ನಷ್ಟೇ ಬದಲಿಸಿ, ಹೆಂಚುಗಳನ್ನು ತೊಳೆದು ಮತ್ತೆ ಹೊದಿಸಬಹುದು. ಅಂದ ಹಾಗೆ, ಹೆಂಚಿನ ಮೇಲೆ ಬಾಸೆಲ್ ಮಿಷನ್ ಹೆಸರಿನೊಡನೆ 1865 ಎಂದು ಅಚ್ಚಾಗಿದ್ದರೆ ಅದು ಆ ಮಿಷನ್ನಿನ ಮಂಗಳೂರಿನ ಹೆಂಚಿನ ಕಾರ್ಖಾನೆ ಆರಂಭವಾದ ವರ್ಷವೇ ಹೊರತು ನಿಮ್ಮ ಕೊಟ್ಟಿಗೆಯ ವಯಸ್ಸಲ್ಲ. ಅತಿಥಿಗಳಿಗೆ ಅದನ್ನೇ ಕೊಟ್ಟಿಗೆ ಕಟ್ಟಿದ ವರ್ಷವೆಂದು ಹೇಳಬೇಡಿ.

ಬೆಟ್ಟದಂಚು:
ಗೋಡೆಗಿಂತ ಮೊದಲು ಯೋಚಿಸಬೇಕಾದದ್ದು ಬೇರೆಯೇ ಇದೆ. ಬೆಟ್ಟದ ಸೊಪ್ಪು, ದರಕುಗಳು (ಉದುರಿದ ಒಣ ಎಲೆಗಳು) ಕೊಟ್ಟಿಗೆಗೆ ಬಂದು, ಹಸುವಿನ ಕಾಲಡಿಯಲ್ಲಿ ಸಗಣಿ, ಗಂಜಳದೊಡನೆ ಕಲೆತು ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತಿದ್ದವು. ಇಡೀ ಕಟ್ಟಡವನ್ನು ಅತಿಥಿಗಳಿಗೆ ಬಿಟ್ಟರೆ ಗೋಡೆ ಉಳಿದೀತು, ಆ ವ್ಯವಸ್ಥೆ ಉಳಿಯದು. ಆದ್ದರಿಂದ ಕೊಟ್ಟಿಗೆಯ ಒಂದು ಅಂಕಣವನ್ನಾದರೂ (ಒಂದು ಭಾಗವನ್ನಾದರೂ) ಹಸುಗಳಿಗೇ ಉಳಿಸಿ, ಪಕ್ಕದ ಗೊಬ್ಬರಗುಂಡಿಯನ್ನು ಮುಚ್ಚಬೇಡಿ.

ಇನ್ನು ವಾಹನ ನಿಲುಗಡೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೆ ಬಿಟ್ಟಿರುವ ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕು, ಹುಲ್ಲು ಬಳಸುವ ಸವಲತ್ತೇ ಹೊರತು ಒಡೆತನವಲ್ಲ. ಅಲ್ಲಿ ಜೆಸಿಬಿ ಆಡಿಸಿದರೆ ಕಾನೂನಿನ ತೊಡಕಿನ ಜೊತೆಗೆ, ಸಡಿಲಗೊಂಡ ಮಣ್ಣು ಮೊದಲ ಜೋರು ಮಳೆಗೇ ಕೊಚ್ಚಿಬಂದು ತೋಟದ ಬಸಿಗಾಲುವೆಗಳನ್ನು ಹೂಳುತ್ತದೆ. ಅಟ್ಟದಲ್ಲಿ ಕಣಜ ಗೂಬೆ ಇದ್ದರೆ ಅದರ ಕಿಂಡಿಯನ್ನು ಮುಚ್ಚದಿರಿ. ಇಲಿಗಳ ಹತೋಟಿ ಅದರದೇ.

ತೋಟಿಗ:
ಗೂಬೆ ಇರುವುದು ನಿಜ. ಅಪಶಕುನವೆಂದು ಅಮ್ಮ ಓಡಿಸಹೇಳುತ್ತಿದ್ದರು, ಇಲಿಯ ಮಾತು ಹೇಳಿ ಒಪ್ಪಿಸುತ್ತೇನೆ. ಹಸುಗಳ ಅಂಕಣ ಉಳಿಸಿದರೆ ವಾಸನೆ ಕೋಣೆಗಳಿಗೆ ಬಾರದೇ?

ಗಾರೆಕೆಲಸ:
ನಡುವೆ ಚಿರೆಕಲ್ಲಿನ ಗೋಡೆಯನ್ನು ಮಾಡಿನವರೆಗೂ ಏರಿಸಿ. ಮಳೆಗಾಲದ ಗಾಳಿ ಪಡುವಣದಿಂದ ಬೀಸುವುದರಿಂದ ಹಸುಗಳಿಗೆ ಪೂರ್ವದ ತುದಿಯ ಅಂಕಣವನ್ನೇ ಕೊಡಿ, ಗಂಜಳ ನಿಲ್ಲದಂತೆ ನೆಲಕ್ಕೆ ಇಳಿಜಾರು ಮಾಡಿಸಿ. ಅತಿಥಿಗಳ ಶೌಚಗುಂಡಿಯನ್ನು ಮಾತ್ರ ತೋಟದ ಬಾವಿ ಎಲ್ಲಿದೆಯೆಂದು ನೋಡಿಕೊಂಡೇ ತೋಡಿಸಬೇಕು.